ಚಿಕ್ಕಮ್ಮ ಹುಡುಕಿದ ಕಂಬಿ

ನಮ್ಮ ಚಿಕ್ಕಮ್ಮನಿಗೆ ಕನಸಿನಲ್ಲೂ ಕಬ್ಬಿಣವೇ ಬರುತ್ತಿತ್ತು. ಊರಿನ ಗೇಟುಗಳೆಲ್ಲ ಕೀಲು ಕಳಚಿಕೊಂಡು ಬೀದಿಗಿಳಿದು, ಶಾಲೆ ಬಿಟ್ಟ ಮಕ್ಕಳ ಹಾಗೆ ಗುಂಪು ಗುಂಪಾಗಿ ನಡೆದು ಬರುತ್ತಿದ್ದವಂತೆ. ಕಿಟಕಿಯ ಸರಳುಗಳು ಅವುಗಳ ಹಿಂದೆ. ಅವಳು ಗಾಡಿ ನಿಲ್ಲಿಸಿ ಒಂದೊಂದನ್ನೂ ಮುಟ್ಟಿ ನೋಡಿ, "ನೀನಲ್ಲ, ನೀನೂ ಅಲ್ಲ, ಮುಂದಕ್ಕೆ ಹೋಗು" ಎಂದು ಕಳಿಸುತ್ತಿದ್ದಳಂತೆ. ಬೆಳಿಗ್ಗೆ ಟೀ ಲೋಟ ಹಿಡಿದುಕೊಂಡು ಇದನ್ನೆಲ್ಲ ಹೇಳುವಾಗ ಅವಳ ಕಣ್ಣು ಇನ್ನೂ ಆ ಬೀದಿಯಲ್ಲೇ ಇರುತ್ತಿತ್ತು. ನನಗೋ ಡ್ಯೂಟಿಗೆ ಹೊತ್ತಾಗಿರುತ್ತಿತ್ತು.

"ಚಿಕ್ಕಮ್ಮ, ಟೀ ಆರಿ ತಣ್ಣಗಾಯ್ತು" ಎಂದು ನಾನು ರೇಗಿದರೆ, "ಆರಿದ್ರೆ ಬಿಸಿ ಮಾಡ್ಕೋಬಹುದು ಕಣೇ. ಕನಸು ಅರ್ಧಕ್ಕೆ ನಿಂತ್ರೆ ಏನು ಮಾಡೋಕಾಗುತ್ತೆ?" ಎನ್ನುತ್ತಿದ್ದಳು.

ನಾನು ಅವಳ ಅಕ್ಕನ ಮಗಳು. ಅಮ್ಮ ತೀರಿಕೊಂಡ ಮೇಲೆ ಈ ಮನೆಗೆ ಬಂದವಳು ಇಲ್ಲೇ ಉಳಿದುಬಿಟ್ಟೆ. ಈಗ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕೆಲಸ. ಮನೆಯೆಂದರೆ ಮುಂದೆ ತಗಡಿನ ಶೆಡ್ಡು, ಹಿಂದೆ ಎರಡು ಕೋಣೆ. ಶೆಡ್ಡಿನ ಒಂದು ಮೂಲೆಯಲ್ಲಿ ಕಬ್ಬಿಣದ ರಾಶಿ, ಇನ್ನೊಂದರಲ್ಲಿ ಅಲ್ಯೂಮಿನಿಯಂ. ಹಿತ್ತಾಳೆ ನಲ್ಲಿಗಳು ಒಂದು ಬಕೆಟ್ಟಿನಲ್ಲಿ, ತಾಮ್ರದ ತಂತಿ ಮಾತ್ರ ಒಳಗೆ, ಮಂಚದ ಕೆಳಗೆ. ತಾಮ್ರಕ್ಕೆ ನಮ್ಮ ಮನೆಯಲ್ಲಿ ಅಷ್ಟು ಮರ್ಯಾದೆ! ತಗಡಿನಲ್ಲಿ ಮೊಳೆ ಹೊಡೆದಿದ್ದ ತೂತುಗಳಿಂದ ಮಧ್ಯಾಹ್ನದ ಬಿಸಿಲು ಸಣ್ಣ ಸಣ್ಣ ಚುಕ್ಕಿಯಾಗಿ ಇಳಿದು ಈ ರಾಶಿಗಳ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ರಜೆಯ ದಿನ ಅಲ್ಲಿ ಕೂತರೆ ಎದ್ದೇಳಲು ಮನಸ್ಸೇ ಬರುತ್ತಿರಲಿಲ್ಲ.

ಚಿಕ್ಕಪ್ಪ ಅಲ್ಲೇ ಒಂದು ಮರದ ಪೆಟ್ಟಿಗೆಯ ಮೇಲೆ ಕೂತಿರುತ್ತಿದ್ದರು. ಕೆಟ್ಟ ಫ್ಯಾನು ಬಿಚ್ಚಿ ಒಳಗಿನ ತಾಮ್ರ ತೆಗೆಯುವುದು, ತಂತಿಯ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಸುಲಿಯುವುದು ಅವರ ಕೆಲಸ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಭುಜ ಮುಂದಕ್ಕೆ ಬಾಗಿ, ಗಲ್ಲ ಎದೆಗೆ ತಾಗುವಂತೆ ಕೂರುತ್ತಿದ್ದರು. ಒಂದು ಕಾಲಕ್ಕೆ ಇವರು ಊರಿನ ಅರ್ಧ ಗೇಟುಗಳನ್ನು ಬೆಸೆದ ವೆಲ್ಡರ್ ಎಂದರೆ ಯಾರೂ ನಂಬುತ್ತಿರಲಿಲ್ಲ.

ಚಿಕ್ಕಮ್ಮ ಹಾಗಲ್ಲ. ಬಾಯಿ ತೆರೆದರೆ ಓಣಿ ತುಂಬುತ್ತಿತ್ತು. ಸೈಕಲ್ ಚಕ್ರದ ತಳ್ಳುಗಾಡಿ ಹಿಡಿದು, ಮಂಜು ಪೂರ್ತಿ ಕರಗುವ ಮೊದಲೇ ಹೊರಡುತ್ತಿದ್ದಳು. ಸೊಂಟಕ್ಕೆ ಒಂದು ಅಯಸ್ಕಾಂತವನ್ನು ದಾರ ಕಟ್ಟಿ ಇಳಿಬಿಟ್ಟಿದ್ದಳು. ಹಳೆಯ ಸ್ಪೀಕರ್ ಒಡೆದಾಗ ಸಿಕ್ಕಿದ್ದು. ಯಾರಾದರೂ ಚಿನ್ನದಂಥ ಹಿತ್ತಾಳೆಯೆಂದು ಹೊಗಳಿಕೊಂಡು ಏನಾದರೂ ತಂದರೆ ಮಾತಾಡದೆ ಅದನ್ನು ತಾಗಿಸುವಳು. ಅಯಸ್ಕಾಂತ ಟಪ್ಪೆಂದು ಅಂಟಿಕೊಂಡರೆ ಮುಗಿಯಿತು. "ಅಕ್ಕಾ, ನಿಮ್ಮ ಹಿತ್ತಾಳೆಗೆ ನನ್ನ ಅಯಸ್ಕಾಂತದ ಮೇಲೆ ಎಷ್ಟು ಪ್ರೀತಿ ನೋಡಿ" ಎನ್ನುವಳು. ಆಕೆ ಮುಖ ಊದಿಸಿಕೊಂಡು, ಕೊನೆಗೆ ತಾನೇ ನಕ್ಕು ಕಬ್ಬಿಣದ ಬೆಲೆಗೆ ಕೊಡುತ್ತಿದ್ದಳು.

ಆದರೆ ಕೊಂಡ ಸಾಮಾನನ್ನು ಗಾಡಿಗೆ ಹಾಕುವ ಮೊದಲು ಚಿಕ್ಕಮ್ಮ ಇನ್ನೊಂದು ಕೆಲಸ ಮಾಡುತ್ತಿದ್ದಳು. ಗೇಟೋ, ಗ್ರಿಲ್ಲೋ, ಕುರ್ಚಿಯ ಕಾಲೋ, ಎರಡು ತುಂಡು ಕೂಡುವ ಜಾಗವನ್ನು ಸೆರಗಿನಿಂದ ಒರೆಸಿ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಳು. ಜಡೆ ಹೆಣೆಯುವುದರಲ್ಲಿ ಒಬ್ಬೊಬ್ಬರ ಕೈ ಒಂದೊಂದು ಥರ ಇರುತ್ತದಲ್ಲ, ಬೆಸುಗೆಯೂ ಹಾಗೆಯೇ. ಚಿಕ್ಕಪ್ಪ ಬೆಸುಗೆ ಮುಗಿಸುವಾಗ ರಾಡನ್ನು ಪಟ್ಟನೆ ಎತ್ತುತ್ತಿರಲಿಲ್ಲ. ಒಂಚೂರು ಹಿಂದಕ್ಕೆ ತಂದು, ಗುಳಿ ತುಂಬಿಸಿ, ಆಮೇಲೆ ಎತ್ತುತ್ತಿದ್ದರು. ಕೊನೆಯಲ್ಲಿ ಅಲ್ಲೊಂದು ಸಣ್ಣ ಗುಬುಟು ಉಳಿಯುತ್ತಿತ್ತು. ಅದು ಬೆರಳಿಗೆ ಸಿಕ್ಕಿದರೆ ಸಾಕು, ಚಿಕ್ಕಮ್ಮನ ಮುಖ ಅರಳುತ್ತಿತ್ತು. "ಇದು ನಮ್ಮೋರದ್ದು. ಕಬ್ಬಿಣ ತುಕ್ಕು ಹಿಡಿದು ಪುಡಿಯಾಗಿದೆ, ಬೆಸುಗೆ ನೋಡು, ಕಲ್ಲು ಕಲ್ಲು!" ಎಂದು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಹೇಳುವಳು. ಪಾಪ, ಅವರಿಗೇನು ಗೊತ್ತು? ತಲೆಯಾಡಿಸಿ ಹೋಗುತ್ತಿದ್ದರು.

ಇದೆಲ್ಲ ಒಂದು ಕಂಬಿಗಾಗಿ.

ನಾನು ಚಿಕ್ಕವಳಿದ್ದಾಗ ಚಿಕ್ಕಪ್ಪನ ವರ್ಕ್‌ಶಾಪ್ ಈ ಶೆಡ್ಡಿನಲ್ಲೇ ಇತ್ತಂತೆ. ಮದುವೆಯಾಗಿ ಬಂದ ಚಿಕ್ಕಮ್ಮ ಮೊದಲು ಕಂಬಿ ಹಿಡಿದುಕೊಂಡು ನಿಲ್ಲುತ್ತಿದ್ದಳು. ಆಮೇಲೆ ಕಪ್ಪು ಗಾಜಿನ ಮುಖಕಾಪು ಹಾಕಿಕೊಂಡು ಆ ನೀಲಿ ಬೆಳಕನ್ನು ನೋಡತೊಡಗಿದಳು. ಒಳಗೆ ಕಬ್ಬಿಣ ನೀರಾಗಿ ನಡುಗುವುದನ್ನು ನೋಡಿದವರು ಬೇರೆ ಏನನ್ನೂ ನೋಡಲು ಇಷ್ಟಪಡುವುದಿಲ್ಲ ಎನ್ನುತ್ತಿದ್ದಳು. ಕೊನೆಗೆ ಹಟ ಹಿಡಿದು ರಾಡನ್ನೂ ಕೈಗೆ ತೆಗೆದುಕೊಂಡಳು. ಚಿಕ್ಕಪ್ಪ ಬೇಡವೆನ್ನಲಿಲ್ಲ. ಸಣ್ಣಪುಟ್ಟ ಜೋಡಣೆ ಬಿಟ್ಟುಕೊಟ್ಟು, "ನೀನು ಹಾಕಿದ್ದನ್ನ ನಾನು ಇನ್ನೊಂದ್ಸಲ ನೋಡ್ತೀನಿ" ಎನ್ನುತ್ತಿದ್ದರಂತೆ. ಆ ದಿನಗಳ ಬಗ್ಗೆ ಹೇಳುವಾಗ ಚಿಕ್ಕಮ್ಮನ ದನಿ ಎಷ್ಟು ಮೆತ್ತಗಾಗುತ್ತಿತ್ತೆಂದರೆ, ಕೇಳುವ ನನಗೇ ಕಣ್ಣು ಮುಚ್ಚಿಕೊಳ್ಳುವ ಹಾಗಾಗುತ್ತಿತ್ತು.

ಆಗಲೇ ದೊಡ್ಡ ಬೀದಿಯ ಒಂದು ಹಳದಿ ಮನೆಯ ಮಹಡಿಗೆ ಬಾಲ್ಕನಿಯ ಕಂಬಿ ಮಾಡಿಕೊಟ್ಟರು. ಆ ಮಹಡಿಯಲ್ಲಿ ಬಾಡಿಗೆಗಿದ್ದವನು ಟೈಲರ್. ಒಂದು ದಿನ ಒಗೆದ ಬಟ್ಟೆ ಹರವಲು ಬಂದು ಕಂಬಿಗೆ ಒರಗಿದ, ಕಂಬಿ ಕಿತ್ತುಕೊಂಡಿತು, ಟೈಲರ್ ಕೆಳಗೆ ಬಿದ್ದ. ಜೀವ ಉಳಿಯಿತು, ಬಲಗಾಲು ಮೊದಲಿನಂತಾಗಲಿಲ್ಲ. ಚಿಕ್ಕಮ್ಮ ಆಗ ಊರಲ್ಲಿರಲಿಲ್ಲ, ಕಾಯಿಲೆ ಬಿದ್ದಿದ್ದ ನನ್ನ ಅಮ್ಮನನ್ನು ನೋಡಿಕೊಳ್ಳಲು ಬಂದಿದ್ದಳು. ವಾಪಸು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಚಿಕ್ಕಪ್ಪ ಮುರಿದ ಕಂಬಿಯನ್ನು ನೋಡಿ ಜನರೆದುರು "ತಪ್ಪು ನನ್ನದೇ" ಎಂದು ಕೈ ಮುಗಿದು, ಮನೆಗೆ ಬಂದು ಮೆಷೀನು ಮಾರಿ, ವರ್ಕ್‌ಶಾಪಿನ ಬಾಗಿಲು ಹಾಕಿದ್ದರು. ಕಂಬಿ ಎಲ್ಲಿ ಎಂದರೆ ಹಳದಿ ಮನೆಯವರು, "ಯಾರೋ ಗುಜರಿಯವರು ಒಯ್ದರು" ಎಂದರು.

ಗುಜರಿಯವರು ಒಯ್ದರೇ? ಹಾಗಾದರೆ ತಾನೇ ಗುಜರಿಯವಳಾಗುತ್ತೇನೆಂದು ಚಿಕ್ಕಮ್ಮ ಗಾಡಿ ಹಿಡಿದಳು. ಹೊಟ್ಟೆಪಾಡಿಗೂ ಆಯಿತು, ಹುಡುಕುವುದಕ್ಕೂ ಆಯಿತು. ಅವಳ ಲೆಕ್ಕಾಚಾರ ಸರಳ: ಹಳದಿ ಮನೆಯವರು ದುಡ್ಡು ಉಳಿಸಲು ತೆಳು ಪೈಪು ತಂದುಕೊಟ್ಟಿದ್ದರು, ಮುರಿದದ್ದು ಆ ಪೈಪು, ಬೆಸುಗೆಯಲ್ಲ. ಕಂಬಿ ಸಿಕ್ಕಿದರೆ ಟೈಲರ್‌ನ ಮುಂದೆ ಎಸೆದು ತೋರಿಸಬೇಕು. ಚಿಕ್ಕಪ್ಪ ದೊಡ್ಡ ಬೀದಿಯಲ್ಲಿ ತಲೆಯೆತ್ತಿ ನಡೆಯಬೇಕು. ಆ ಬೀದಿಗೆ ಅವರು ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಸಂತೆಗೆ, ಆಸ್ಪತ್ರೆಗೆ, ಎಲ್ಲಿಗೆ ಹೋದರೂ ಹಿಂದಿನ ಚರಂಡಿಯ ಓಣಿಯಿಂದ ಸುತ್ತುಹಾಕಿ ಹೋಗುತ್ತಿದ್ದರು.

ಟೈಲರ್ ಏನು ಕಡಿಮೆಯೇ? ಹಳದಿ ಮನೆಯ ಎದುರಿಗೇ ಅಂಗಡಿ. ಚಿಕ್ಕಮ್ಮನ ಗಾಡಿ ಕಂಡರೆ ತನ್ನ ಬಲತೊಡೆ ತಟ್ಟಿ, "ಏನಮ್ಮಾ ಗುಜರಿ, ಇದನ್ನೂ ತೂಕಕ್ಕೆ ಹಾಕೊಂಡು ಹೋಗ್ತೀಯಾ? ನಿನ್ನ ಗಂಡನ ಕೈಗುಣ" ಎನ್ನುತ್ತಿದ್ದ.

"ತೂಕಕ್ಕೆ ಹಾಕೋದಾದ್ರೆ ನಿಮ್ಮ ನಾಲಿಗೆ ಮೊದಲು ಹಾಕ್ತೀನಿ ಟೈಲರಣ್ಣ. ಅಷ್ಟು ಭಾರದ್ದು ಬೇರೆ ಯಾವ್ದೂ ಇಲ್ಲ" ಎಂದು ಇವಳು.

ಕೇಳುವವರಿಗೆ ತಮಾಷೆ. ನನಗೆ ಮೈ ಉರಿಯುತ್ತಿತ್ತು. ಚಿಕ್ಕಮ್ಮ ಮಾತ್ರ ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಾ, "ಸಿಗುತ್ತೆ ರೀ. ಕಬ್ಬಿಣ ಎಲ್ಲಿಗೆ ಹೋಗುತ್ತೆ?" ಎನ್ನುತ್ತಿದ್ದಳು. ಚಿಕ್ಕಪ್ಪ ತಂತಿ ಸುಲಿಯುತ್ತಲೇ, "ಹಳೇದನ್ನ ಯಾಕೆ ಕೆದಕ್ತೀಯಾ? ಕರಗಿ ಇನ್ನೇನೋ ಆಗಿರುತ್ತೆ" ಎನ್ನುತ್ತಿದ್ದರು. ಈ ಮಾತು ಮಾತ್ರ ಅವರು ಪ್ರತಿ ಸಲ ತಪ್ಪದೆ ಹೇಳುತ್ತಿದ್ದರು. ಹೇಡಿತನ ಎಂದು ನನಗೆ ಒಳಗೊಳಗೇ ಸಿಟ್ಟು.

ಹೋದ ಚಳಿಗಾಲ ಹಳದಿ ಮನೆಯನ್ನು ಕೆಡವಲು ಶುರುಮಾಡಿದರು. ಕೆಲಸದ ಮೇಸ್ತ್ರಿ ಹಳೆಯ ಕಬ್ಬಿಣ ಒಯ್ಯಲು ಚಿಕ್ಕಮ್ಮನಿಗೆ ಹೇಳಿಕಳಿಸಿದ. ಅವತ್ತು ನನಗೆ ರಜೆ. ಭಾರ ಎತ್ತಲು ನಾನೂ ಹೋದೆ. ಗೋಡೆಗಳು ಅರ್ಧ ಬಿದ್ದಿದ್ದವು. ಎಲ್ಲೆಲ್ಲೂ ಸುಣ್ಣದ ಧೂಳು, ಆ ಧೂಳಿನಲ್ಲಿ ಬೆಳಗಿನ ಬಿಸಿಲು ಹಾಲಿನ ಹಾಗೆ ನಿಂತಿತ್ತು. ಮಹಡಿಯ ಕೋಣೆಯ ಗೋಡೆಯಲ್ಲಿ ಯಾರದೋ ಕನ್ನಡಿಯ ಗುರುತು ಇನ್ನೂ ಇತ್ತು. ಬಾಗಿಲಿಲ್ಲದ ಚೌಕಟ್ಟುಗಳನ್ನು ದಾಟುತ್ತಾ ಚಿಕ್ಕಮ್ಮ ಪಿಸುಮಾತಿನಲ್ಲಿ, "ಕನಸಿನಲ್ಲಿ ಬರೋ ಮನೆ ಹೀಗೇ ಇರುತ್ತೆ ಕಣೇ" ಎಂದಳು. ನಾನೂ ಯಾಕೋ ಮೆಲ್ಲಗೆ ಹೆಜ್ಜೆ ಇಡುತ್ತಿದ್ದೆ.

ತಾರಸಿಯಲ್ಲಿ, ನೀರಿನ ತೊಟ್ಟಿಯ ಹಿಂದೆ, ಒಡೆದ ಹೆಂಚು, ತೂತಾದ ಡ್ರಮ್ಮುಗಳ ಅಡಿಯಲ್ಲಿ ಅದು ಇತ್ತು. ಯಾವ ಗುಜರಿಯವನೂ ಒಯ್ದಿರಲಿಲ್ಲ. ಮನೆಯವರು ಕಣ್ಣಿಗೆ ಬೀಳಬಾರದೆಂದು ಅಲ್ಲಿ ತಳ್ಳಿ, ಸುಳ್ಳು ಹೇಳಿ, ಮರೆತುಬಿಟ್ಟಿದ್ದರು. ಮೇಲಂಚಿನಲ್ಲಿ ಬಳ್ಳಿ ಸುತ್ತಿದಂಥ ಅಲಂಕಾರವಿದ್ದ ಕಂಬಿಯ ಚೌಕಟ್ಟು. ಇಷ್ಟು ವರ್ಷ ಅವಳು ಊರೂರಿನ ಗುಜರಿ ಗೋದಾಮುಗಳ ರಾಶಿ ಕೆದಕುತ್ತಿದ್ದರೆ, ಅದು ಅವಳು ದಿನಾ ಗಾಡಿ ತಳ್ಳುವ ಬೀದಿಯ ನೆತ್ತಿಯ ಮೇಲೆ ಮಲಗಿತ್ತು!

"ಸಿಕ್ತು" ಎಂದಳು ಚಿಕ್ಕಮ್ಮ. ಕೂಗಲಿಲ್ಲ, ಕುಣಿಯಲಿಲ್ಲ. ಮಂಡಿಯೂರಿ ಕೂತು ಸೆರಗಿನಿಂದ ಮುರಿದ ಜಾಗವನ್ನು ಒರೆಸಿದಳು. ಹೆಬ್ಬೆರಳಿಟ್ಟಳು. ಕಾದೆ. ಬೆರಳು ಒಮ್ಮೆ ಹೋಯಿತು, ಬಂತು, ಮತ್ತೆ ಹೋಯಿತು.

"ಪೈಪು ತಾನೇ ಮುರಿದಿರೋದು?" ನನಗೆ ತಾಳ್ಮೆ ಎಲ್ಲಿದೆ?

"ಅಲ್ಲ. ಬೆಸುಗೆ ಬಿಟ್ಟಿದೆ."

ಮೇಲೆ ಮಾತ್ರ ಚೆನ್ನಾಗಿ ಹತ್ತಿಕೊಂಡಿತ್ತು. ಒಳಗೆ ಟೊಳ್ಳು, ಬೆಸುಗೆಯ ಕಪ್ಪು ಕಿಟ್ಟ ಹಾಗೇ ಉಳಿದಿತ್ತು. ಹಾಗಾದರೆ ಚಿಕ್ಕಪ್ಪ ನಿಜವನ್ನೇ ಹೇಳಿದ್ದರು. "ಹೋಗಲಿ ಬಿಡು ಚಿಕ್ಕಮ್ಮ, ಯಾರ ಕೈಯೂ ಒಂದಲ್ಲ ಒಂದ್ಸಲ ತಪ್ಪುತ್ತೆ" ಎಂದೆ.

ಅವಳು ನನ್ನ ಮಾತಿಗೆ ಸೊಪ್ಪು ಹಾಕಲಿಲ್ಲ. ಬಳ್ಳಿಯ ಅಂಚು ಮೇಲೆ ಬರುವಂತೆ ಚೌಕಟ್ಟನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು. ಮುರಿಯದ ಕೂಡುಗಳನ್ನು ಒಂದೊಂದಾಗಿ ಸವರಿದಳು. ಅವೆಲ್ಲ ಎಡದಿಂದ ಬಲಕ್ಕೆ ಹರಿದಿದ್ದವು, ಬಲತುದಿಯಲ್ಲಿ ಆ ಸಣ್ಣ ಗುಬುಟು. ಬಿಟ್ಟುಕೊಂಡಿದ್ದ ಒಂದೇ ಒಂದು ಕೂಡು ಬಲದಿಂದ ಎಡಕ್ಕೆ ಹರಿದಿತ್ತು. ಅದಕ್ಕೆ ಗುಬುಟು ಇರಲಿಲ್ಲ. ಚಿಕ್ಕಮ್ಮ ತನ್ನ ಎಡಗೈಯನ್ನು ಎತ್ತಿ, ರಾಡು ಹಿಡಿದಂತೆ ಬೆರಳು ಕೂಡಿಸಿ, ಗಾಳಿಯಲ್ಲೇ ಆ ಗೆರೆಯುದ್ದಕ್ಕೂ ಎಳೆದಳು. ಅವಳು ಉಣ್ಣುವುದೊಂದು ಬಿಟ್ಟು ಎಲ್ಲ ಕೆಲಸವನ್ನೂ ಎಡಗೈಯಲ್ಲಿ ಮಾಡುವವಳು.

"ಇದು ನನ್ನದು ಕಣೇ" ಎಂದಳು. "ಅವರದಲ್ಲ. ನನ್ನದು."

ಕೆಳಗೆ ಯಾರೋ ಗೋಡೆಗೆ ಸುತ್ತಿಗೆ ಹೊಡೆಯುತ್ತಿದ್ದರು. ಪ್ರತಿ ಏಟಿಗೂ ನಾವು ನಿಂತಿದ್ದ ತಾರಸಿ ಸಣ್ಣಗೆ ನಡುಗುತ್ತಿತ್ತು. ಆಮೇಲೆ ಇಬ್ಬರೂ ಸೇರಿ ಚೌಕಟ್ಟನ್ನು ಇಳಿಸಿ ಗಾಡಿಗೆ ಹಾಕಿದೆವು. ಟೈಲರ್ ತೊಡೆ ತಟ್ಟಿ ಏನೋ ಅಂದ. ಮೊದಲ ಸಲ ಚಿಕ್ಕಮ್ಮ ತಿರುಗಿ ಜವಾಬು ಕೊಡಲಿಲ್ಲ. ಅವನೇ ಗಾಬರಿಯಾಗಿ ಕತ್ತು ಚಾಚಿ ನೋಡಿದ.

ಶೆಡ್ಡಿಗೆ ಬಂದವಳೇ ಚೌಕಟ್ಟನ್ನು ಚಿಕ್ಕಪ್ಪನ ಕಾಲ ಬುಡದಲ್ಲಿ ಇಟ್ಟಳು. ಅವರು ನೋಡಿದರು. ಕೈಯಲ್ಲಿದ್ದ ತಂತಿ ಕೆಳಗಿಟ್ಟರು.

"ನಿಮಗೆ ಗೊತ್ತಿತ್ತು" ಎಂದಳು.

"ಹೂಂ."

"ಅವತ್ತೇ?"

"ನೋಡಿದ ಕೂಡ್ಲೇ."

ಆಗ ಬಂತು ನೋಡಿ ಚಿಕ್ಕಮ್ಮನ ಬಾಯಿ! "ಇಷ್ಟು ವರ್ಷ ನನ್ನನ್ನ ಬೀದಿ ಬೀದಿ ಅಲೆಸಿದ್ರಲ್ಲ! ಆ ಟೈಲರ್ ಹತ್ರ ದಿನಾ ಕಾಲು ಕೆರೆದು ಜಗಳ ಆಡಿದ್ನಲ್ಲ, ಅವನ ಕಾಲು ಮುರಿದೋಳು ನಾನೇ ಆಗಿ! ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಬಾಯಿಗೆ ಬೆಸುಗೆ ಹಾಕಿದ್ರಾ?" ಕೈಗೆ ಸಿಕ್ಕ ನಲ್ಲಿಯೊಂದನ್ನು ಎತ್ತಿ ರಾಶಿಗೆ ಎಸೆದಳು. ಅಲ್ಯೂಮಿನಿಯಂ ಪಾತ್ರೆಗಳೆಲ್ಲ ಗದ್ದಲವೆಬ್ಬಿಸಿ ಉರುಳಿದವು. ಅವಳು ಅಳುತ್ತಿದ್ದಳು.

ಚಿಕ್ಕಪ್ಪ ಪಾತ್ರೆಗಳ ಸದ್ದು ನಿಲ್ಲುವವರೆಗೆ ಕಾದರು. "ನಿನ್ನ ಕೈಗೆ ರಾಡ್ ಕೊಟ್ಟೋನು ನಾನು. ಇನ್ನೊಂದ್ಸಲ ನೋಡ್ತೀನಿ ಅಂದೋನು ನಾನು. ಅವತ್ತು ನೋಡಲಿಲ್ಲ. ಮತ್ತೆ ತಪ್ಪು ಯಾರದ್ದು?"

"ಅದನ್ನ ನನಗೆ ಹೇಳಬಹುದಿತ್ತಲ್ಲ?"

ಬಿಸಿಲ ಚುಕ್ಕಿಗಳು ಅವರ ಮಂಡಿಯ ಮೇಲಿನಿಂದ ಕಂಬಿಯ ಮೇಲಕ್ಕೆ ಸರಿದವು. "ಹೇಳಿದ್ರೆ ನೀನು ತಲೆ ತಗ್ಗಿಸ್ಕೊಂಡು ಗಾಡಿ ತಳ್ಳಬೇಕಾಗ್ತಿತ್ತು. ನೀನು ತಲೆ ಎತ್ಕೊಂಡು, ಊರಿಗೆಲ್ಲ ಕೇಳೋ ಹಾಗೆ ಜಗಳ ಆಡ್ತಾ ಹೋಗ್ತಿದ್ದೆ. ಇಲ್ಲಿ ಕೂತ್ಕೊಂಡು ಅದನ್ನ ಕೇಳೋಕೆ ನನಗೆ ಚೆನ್ನಾಗಿತ್ತು" ಎಂದರು.

ನಾನು ಇವರನ್ನು ಹೇಡಿ ಎಂದುಕೊಂಡಿದ್ದೆನಲ್ಲ! ಅಲ್ಲಿ ನಿಲ್ಲಲಾಗದೆ ಒಳಗೆ ಹೋಗಿ ಟೀಗೆ ನೀರಿಟ್ಟೆ. ಹೊರಗೆ ಬರುವಷ್ಟರಲ್ಲಿ ಚಿಕ್ಕಮ್ಮ ಮುಖ ತೊಳೆದುಕೊಂಡು, ಚೌಕಟ್ಟನ್ನು ಮತ್ತೆ ಗಾಡಿಗೆ ಎತ್ತಿಡುತ್ತಿದ್ದಳು.

"ಎಲ್ಲಿಗೆ?" ಎಂದರು ಚಿಕ್ಕಪ್ಪ. ಅವರ ದನಿಯಲ್ಲಿ ನಿಜವಾಗಿಯೂ ಹೆದರಿಕೆಯಿತ್ತು. "ಬೇಡ ಕಣೇ. ನನಗೆ ಅಭ್ಯಾಸ ಆಗೋಗಿದೆ. ಈಗ ಅವರೆಲ್ಲ ನಿನ್ನ ಮೇಲೆ ಬೀಳ್ತಾರೆ."

"ಬೀಳ್ಲಿ. ನಿಮಗೆ ಅಭ್ಯಾಸ ಆಗಿದೆ, ನನಗೆ ಆಗಿಲ್ಲ" ಎಂದು ಗಾಡಿ ತಳ್ಳಿಕೊಂಡು ಹೊರಟೇಬಿಟ್ಟಳು. ನಾನು ಹಿಂದೆ ಓಡಿದೆ.

ಟೈಲರ್ ಅಂಗಡಿಯಲ್ಲಿ ಇಬ್ಬರು ಗಿರಾಕಿಗಳು ನಿಂತಿದ್ದರು. ಚಿಕ್ಕಮ್ಮ ಅವರು ಹೋಗಲೆಂದು ಕಾಯಲಿಲ್ಲ. ಚೌಕಟ್ಟನ್ನು ಮೆಟ್ಟಿಲ ಮೇಲೆ ಇಟ್ಟು, "ಟೈಲರಣ್ಣ, ನಿಮ್ಮನ್ನ ಬೀಳಿಸಿದ ಕಂಬಿ ಇದು. ಬೆಸುಗೇನೇ ಬಿಟ್ಟಿರೋದು. ಆದ್ರೆ ಅದನ್ನ ಹಾಕಿದ್ದು ಅವರಲ್ಲ, ನಾನು. ಅವರು ನನ್ನ ಹೆಸರು ಹೇಳದೆ ತಾವೇ ಹೊತ್ಕೊಂಡ್ರು. ನನಗೂ ಇವತ್ತೇ ಗೊತ್ತಾಗಿದ್ದು. ನೀವು ಏನು ಬೈಬೇಕೋ ಇನ್ಮೇಲೆ ನನ್ನನ್ನ ಬೈರಿ" ಎಂದಳು.

ಟೈಲರ್ ಹೊಲಿಗೆ ಯಂತ್ರದಿಂದ ಕಾಲು ತೆಗೆದ. ಕಂಬಿಯನ್ನು ನೋಡಿದ, ಅವಳನ್ನು ನೋಡಿದ. ಅವನ ಮುಖ ಕೆಂಪಾಯಿತು. ಈಗ ಬೈಯುತ್ತಾನೆ, ಬೈಯಲಿ, ಬೈಯುವ ಹಕ್ಕು ಅವನಿಗಿದೆ ಎಂದು ನಾನು ಹಲ್ಲು ಕಚ್ಚಿ ನಿಂತೆ.

"ನಿನ್ನ ಮೇಲೆ ಸಿಟ್ಟಿದೆ. ಅದು ಆಮೇಲೆ" ಎಂದ. "ಅವರು ಮನೇಲಿದಾರಾ?"

ಗಿರಾಕಿಗಳನ್ನು ಹಾಗೇ ಬಿಟ್ಟು ಅಂಗಡಿಯಿಂದ ಇಳಿದ. ಒಂದೊಂದು ಹೆಜ್ಜೆಗೂ ಸೊಂಟ ಎತ್ತಿ ಹಾಕುತ್ತಾ, ದೊಡ್ಡ ಬೀದಿಯುದ್ದಕ್ಕೂ ಮುಂದೆ ಮುಂದೆ ನಡೆದ. ಇಳಿಬಿಸಿಲಿನಲ್ಲಿ ಅವನ ಓರೆ ನೆರಳು, ಅದರ ಹಿಂದೆ ನಮ್ಮ ಖಾಲಿ ಗಾಡಿ. ನಮ್ಮ ಶೆಡ್ಡಿಗೆ ಅವನು ಬಂದದ್ದು ಅದೇ ಮೊದಲು.

ಅವನನ್ನು ಕಂಡು ಚಿಕ್ಕಪ್ಪ ಪೆಟ್ಟಿಗೆಯಿಂದ ಎದ್ದರು, ಎದ್ದವರು ಮತ್ತಷ್ಟು ಬಾಗಿದರು. ಟೈಲರ್‌ಗೆ ಮಾತು ಹೊರಡಲಿಲ್ಲ. ನಾಲ್ಕು ಜನರನ್ನು ಕೂರಿಸಿ ಮಾತಾಡುವ ಬಾಯಿ ಅದು! ಕೊನೆಗೆ ಕೊರಳಲ್ಲಿ ಹಾಗೇ ಉಳಿದುಹೋಗಿದ್ದ ಅಳತೆ ಟೇಪನ್ನು ಎಳೆದುಕೊಂಡು ಚಿಕ್ಕಪ್ಪನ ಬೆನ್ನ ಹಿಂದೆ ಹೋಗಿ ನಿಂತ. ಟೇಪಿನ ಒಂದು ತುದಿಯನ್ನು ಅವರ ಎಡಭುಜಕ್ಕೆ ಹಿಡಿದು ಬಲಭುಜದ ಕಡೆಗೆ ಎಳೆದ.

"ಹೀಗೆ ಬಾಗಿದ್ರೆ ಅಳತೆ ಸಿಗಲ್ಲ ಯಜಮಾನ್ರೇ. ನೆಟ್ಟಗೆ ನಿಂತ್ಕೊಳ್ಳಿ" ಎಂದ.

ಚಿಕ್ಕಪ್ಪ ಪ್ರಯತ್ನಪಟ್ಟರು. ಮೊದಲ ಸಲ ಆಗಲಿಲ್ಲ. ಟೈಲರ್ ಟೇಪು ಹಿಡಿದುಕೊಂಡೇ ಕಾದ.